ಚೆಕ್ ಇಂಜಿನ್ ಲೈಟ್: ಸ್ವಂತ ಸ್ಕ್ಯಾನರ್ ಒಳ್ಳೆಯದಾ, ಗ್ಯಾರೇಜಾ?

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಡ್ಯಾಶ್‌ಬೋರ್ಡಿನ ಈ ಲೈಟ್ ಮಿನುಗತೊಡಗಿದರೆ ಆಯ್ಕೆಯ ಮಾತೇ ಇಲ್ಲ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಮಿಸ್‌ಫೈರ್ ಆಗಿ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ, ಹಾಗೇ ಹೊರಹೋದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.

ಲೈಟ್ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ನನ್ನ ಮತ ಬ್ಲೂಟೂತ್ ಓಬಿಡಿ ಸ್ಕ್ಯಾನರಿಗೆ, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಪುಟ್ಟ ಸಾಧನಕ್ಕೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತದೆ. ಪಿ0301 ಬಂತು ಅನ್ನಿ, ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಸಿಲಿಂಡರಿಗೊಂದು ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇರುವ ಕಾರಾದರೆ, ಇಂಜಿನ್ ತಣ್ಣಗಾದ ಮೇಲೆ ಒಂದನೇ ಮತ್ತು ಎರಡನೇ ಕಾಯಿಲ್ ಅದಲುಬದಲು ಮಾಡಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302, ಅಂದರೆ ಎರಡನೇ ಸಿಲಿಂಡರಿನ ಮಿಸ್‌ಫೈರ್ ಬಂದರೆ ಕಾಯಿಲ್ಲೇ ಕೆಟ್ಟಿದೆ. ಪಿ0301 ಮತ್ತೆ ಬಂದರೆ ಪ್ಲಗ್, ವೈರಿಂಗ್, ಇಂಜೆಕ್ಟರ್ ಕಡೆ ನೋಡಬೇಕು. ಕಾರವಾರದ ಉಪ್ಪುಗಾಳಿಗೆ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟುತ್ತವೆ, ಹೊಸ ಪಾರ್ಟ್ ಕೊಳ್ಳುವ ಮುಂಚೆ ಅವನ್ನೂ ಬಿಚ್ಚಿ ನೋಡಿ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ಲೈಟ್ ಬಂದರೆ ಗ್ಯಾರೇಜೇ ಸರಿ. ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತದೆ. ಏರ್‌ಬ್ಯಾಗ್ ವೈರಿಗಂತೂ ಮನೆಯಲ್ಲಿ ಕೈ ಹಾಕಲೇಬೇಡಿ.

ಗ್ಯಾರೇಜಿಗೆ ಹೋದರೂ ಕೇಳಬೇಕಾದ್ದು ಕೇಳಿ. ಪಿ0420, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಕೋಡ್, ಬಂದ ಕೂಡಲೇ ಕನ್ವರ್ಟರ್ ಬದಲಿಸಿ ಅಂದರೆ ಒಪ್ಪಬೇಡಿ, ಅದು ತುಂಬಾ ದುಬಾರಿ. ಎಕ್ಸಾಸ್ಟ್ ಲೀಕ್ ಇದ್ದರೂ, ಆಕ್ಸಿಜನ್ ಸೆನ್ಸರ್ ಕೆಟ್ಟರೂ ಅದೇ ಕೋಡ್ ಬರಬಹುದು ಅಲ್ವಾ? ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಮಾಹಿತಿಯ (ದೋಷ ದಾಖಲಾದ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಎನ್ನುವ ವಿವರ) ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ, ಮೆಕ್ಯಾನಿಕ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ.