ನೀರಿಗಿಳಿಸುವ ಮುನ್ನ: ಮಿನ್ನೆಟೊಂಕಾ ದಂಡೆಯ ಬೋಟ್‌ಯಾರ್ಡೊಂದರ ವಸಂತ ಸೇವೆ

ಅಮೆರಿಕದ ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನ್ನೆಟೊಂಕಾ ಸರೋವರದ ಮಂಜುಗಡ್ಡೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಕರಗುತ್ತದೆ. 2018ರಲ್ಲಿ ಮಾತ್ರ ಮೇ 5ರವರೆಗೆ ಕಾಯಬೇಕಾಯಿತು. ಹೀಗಾಗಿ ಇಲ್ಲಿ ಮೋಟಾರ್‌ಬೋಟ್ ಇಟ್ಟುಕೊಂಡವರು ಅಕ್ಟೋಬರ್ ಹೊತ್ತಿಗೆ ಅದನ್ನು ದಡಕ್ಕೆಳೆದು, ಎಂಜಿನ್ನಿನ ನೀರು ಬಸಿದು, ಪ್ಲಾಸ್ಟಿಕ್ ಹೊದಿಕೆ ಬಿಗಿದು ಯಾರ್ಡಿಗೆ ಒಪ್ಪಿಸುವುದೂ ವಸಂತದಲ್ಲಿ ಮತ್ತೆ ಸಜ್ಜುಗೊಳಿಸಿ ಇಳಿಸುವುದೂ ವಾಡಿಕೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮಲ್ಪೆ, ಮಂಗಳೂರುಗಳ ಬಂದರಿನಲ್ಲಿ ನಡೆಯುವ ದುರಸ್ತಿಯನ್ನು ಕಂಡವರಿಗೆ ಈ ಗಡಿಬಿಡಿ ಹೊಸದೇನಲ್ಲ. ಆದರೆ ಅಲ್ಲಿ ಕಾಡುವುದು ಉಪ್ಪು ಮತ್ತು ಮಳೆ, ಇಲ್ಲಿ ಹೆಪ್ಪುಗಟ್ಟುವ ನೀರು. ಮರ್ಕ್ರೂಸರ್ ಆಲ್ಫಾ ಒನ್ ಸ್ಟರ್ನ್‌ಡ್ರೈವ್ (ಎಂಜಿನ್ ಬೋಟಿನೊಳಗೆ, ಪ್ರೊಪೆಲ್ಲರ್ ತಿರುಗಿಸುವ ‘ಡ್ರೈವ್’ ಹಿಂಬದಿಯ ಹೊರಗೆ) ಇರುವ ನಮ್ಮ ಬೋಟಿಗೆ ಸರೋವರದ ದಂಡೆಯ ಒಂದು ಸಣ್ಣ ಯಾರ್ಡಿನಲ್ಲಿ ಮಾಡಿಸಿದ ‘ಸ್ಪ್ರಿಂಗ್ ಕಮಿಷನಿಂಗ್’ ಸೇವೆಯ ವಿಮರ್ಶೆ ಇದು. ಕೆಲವು ದೂರುಗಳೂ ಇರುವುದರಿಂದ ಯಾರ್ಡಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಈ ಸೇವೆಯ ಹೆಚ್ಚುಗಾರಿಕೆಯೆಂದರೆ ಕಣ್ಣಿಗೆ ಬೀಳದ ರಬ್ಬರ್ ಭಾಗಗಳ ಬಗ್ಗೆ ಅವರು ವಹಿಸುವ ಎಚ್ಚರ. ಎಂಜಿನ್ನನ್ನು ತಂಪಾಗಿಡಲು ಸರೋವರದ ನೀರನ್ನು ಮೇಲೆಳೆಯುವ ಪಂಪಿನೊಳಗೆ ಇಂಪೆಲ್ಲರ್ ಎಂಬ ರೆಕ್ಕೆಗಳುಳ್ಳ ರಬ್ಬರ್ ಚಕ್ರವಿರುತ್ತದೆ. ಚಳಿಗಾಲವಿಡೀ ಅಲುಗದೆ ನಿಂತಾಗ ಅದರ ರೆಕ್ಕೆಗಳು ಬಾಗಿದ ಹಾಗೆಯೇ ಸೆಟೆದುಕೊಳ್ಳುತ್ತವೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಹಾಳಾಗುತ್ತವೆ. ನಮ್ಮ ಮಾದರಿಯಲ್ಲಿ ಇದನ್ನು ನೋಡಬೇಕಾದರೆ ಡ್ರೈವಿನ ಕೆಳಭಾಗವನ್ನೇ ಕಳಚಬೇಕು. ಆ ಶ್ರಮ ತಪ್ಪಿಸಿಕೊಳ್ಳಲು, ಮೆದುಗೊಳವೆ ಜೋಡಿಸಿ ಎಂಜಿನ್ ಓಡಿಸಿ, ಎಕ್ಸಾಸ್ಟಿನಿಂದ ನೀರು ಬಂದರೆ ಪಂಪ್ ಸರಿಯಿದೆ ಎಂದು ಷರಾ ಬರೆಯುವವರಿದ್ದಾರೆ. ಆದರೆ ನಲ್ಲಿಯ ಒತ್ತಡವೇ ನೀರನ್ನು ತಳ್ಳುವಾಗ ಪಂಪಿನ ಕಸುವು ತಿಳಿಯುವುದಾದರೂ ಹೇಗೆ? ಇಲ್ಲಿನ ಮೆಕ್ಯಾನಿಕ್ ಹಳೆಯ ಇಂಪೆಲ್ಲರನ್ನು ಬೆಂಚಿನ ಮೇಲಿಟ್ಟು ತೋರಿಸಿದರು. ಒಂದು ರೆಕ್ಕೆ ಬುಡದಿಂದಲೇ ಮುರಿದಿತ್ತು. ಹೊಸದನ್ನು ಹಾಕಿ ಕೈತೊಳೆದುಕೊಳ್ಳದೆ, ಮುರಿದ ತುಂಡು ಎಲ್ಲಿ ಹೋಯಿತೆಂದು ಹುಡುಕುತ್ತ ಹೋಗಿ, ಎಂಜಿನ್ನಿಗೆ ನೀರೊಯ್ಯುವ ಕೊಳವೆಯ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಹುಣಸೆಬೀಜದಷ್ಟು ದೊಡ್ಡ ಕಪ್ಪು ಚೂರನ್ನು ಇಕ್ಕಳದಿಂದ ಹೊರತೆಗೆದರು. ಅದು ಅಲ್ಲೇ ಉಳಿದಿದ್ದರೆ ನೀರಿನ ಹರಿವು ಕಡಿಮೆಯಾಗಿ, ಹೊಸ ಇಂಪೆಲ್ಲರ್ ಇದ್ದೂ ನಡು ಸರೋವರದಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿತ್ತು.

ಬೆಲ್ಲೋಸ್ ಎಂಬ ಸುಕ್ಕು ರಬ್ಬರ್ ತೋಳುಗಳ ತಪಾಸಣೆಯೂ ಇಷ್ಟೇ ಶ್ರದ್ಧೆಯಿಂದ ನಡೆಯಿತು. ಇವು ಬೋಟಿನ ಹಿಂಬದಿಗೂ ಡ್ರೈವಿಗೂ ನಡುವೆ, ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ. ಒಂದು ಸೀಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಇನ್ನೊಂದು ಸೀಳಿದರೆ ಕಟ್ಟಿಹಾಕಿದ ಬೋಟೇ ರಾತ್ರೋರಾತ್ರಿ ಮುಳುಗಬಹುದು. ಮೆಕ್ಯಾನಿಕ್ ಡ್ರೈವನ್ನು ಮೇಲೆತ್ತಿ, ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ, ಮಡಿಕೆಗಳು ಬಿಚ್ಚಿಕೊಂಡಾಗ ಟಾರ್ಚ್ ಹಿಡಿದು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದರು. ಈ ಕಡೆಯ ಸರೋವರಗಳಲ್ಲಿ ಮಸ್ಕ್‌ರಾಟ್ ಎಂಬ ನೀರಿನಲ್ಲಿ ಬದುಕುವ ದಂಶಕವು ಬೆಲ್ಲೋಸನ್ನು ಕಡಿದು ತೂತು ಮಾಡುವುದುಂಟಾದ್ದರಿಂದ, ವಯಸ್ಸಾಗದ ರಬ್ಬರನ್ನೂ ನಂಬುವಂತಿಲ್ಲ.

ಡ್ರೈವಿನ ಗೇರ್ ಆಯಿಲ್ ವಿಷಯದಲ್ಲಿ ಮಾತ್ರ ನನ್ನ ಆಕ್ಷೇಪವಿದೆ. ಹಳೆಯ ಎಣ್ಣೆಯನ್ನು ಬಸಿದು ಬಣ್ಣ ನೋಡಿದ್ದು, ಗಾಳಿ ಉಳಿಯದಂತೆ ಹೊಸದನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಿದ್ದು ಎಲ್ಲವೂ ಕ್ರಮಬದ್ಧವೇ. ಆದರೆ ಈ ಕೆಲಸ ವಸಂತದ ಪಟ್ಟಿಯಲ್ಲಿರುವುದೇ ಸರಿಯಲ್ಲ. ಸೀಲ್ ಸೋರಿ ಎಣ್ಣೆಗೆ ನೀರು ಬೆರೆತಿದ್ದರೆ ಅದು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಶರತ್ಕಾಲದಲ್ಲೇ ಕಂಡುಹಿಡಿಯದಿದ್ದರೆ ಮಿನ್ನೆಸೋಟಾದ ಚಳಿಯಲ್ಲಿ ಒಳಗಿನ ನೀರು ಹಿಗ್ಗಿ ಅಲ್ಯೂಮಿನಿಯಂ ಕವಚವನ್ನೇ ಸೀಳುತ್ತದೆ. ನಮ್ಮ ಎಣ್ಣೆ ಶುದ್ಧವಾಗಿತ್ತೆಂಬುದು ಅದೃಷ್ಟವೇ ಹೊರತು ಯಾರ್ಡಿನ ಮುಂದಾಲೋಚನೆಯಲ್ಲ.

ಹಲ್ (ಬೋಟಿನ ಒಡಲು) ಪಾಲಿಶ್ ಮಾಡಿಸಿಕೊಳ್ಳಿ ಎಂಬ ಒತ್ತಾಯವೂ ಸ್ವಲ್ಪ ಅತಿಯಾಯಿತು. ಹೊದಿಕೆಯಡಿ ಇದ್ದ ಬೋಟಿಗೆ ಸೋಪುನೀರು ಮತ್ತು ವ್ಯಾಕ್ಸ್ ಸಾಕು. ಅದನ್ನು ಒಂದು ಶನಿವಾರ ಮನೆಯವರೇ ಮಾಡಬಹುದು. ಬ್ಯಾಟರಿ ತಪಾಸಣೆಯೂ ಹಾಗೆಯೇ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಸಾಮಾನ್ಯ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, ಅಷ್ಟನ್ನು ಯಾರಾದರೂ ಅಳೆಯಬಲ್ಲರು. ಇಂಧನದ ಬಗ್ಗೆ ಅವರು ಕೊಟ್ಟ ಸಲಹೆ, ಅಂದರೆ ಎಥೆನಾಲ್ ಬೆರೆಸದ ಪೆಟ್ರೋಲನ್ನೇ ಹಾಕಿಸಿರೆಂಬುದು, ಒಳ್ಳೆಯದೇ. ಅದು ಈ ರಾಜ್ಯದ ಅನೇಕ ಬಂಕುಗಳಲ್ಲಿ ಸಿಗುತ್ತದೆ.

ಡ್ರೈವಿನ ಬದಲು ತಾವೇ ಕರಗಿ ಅದನ್ನು ಸವೆಯದಂತೆ ಕಾಪಾಡುವ ಲೋಹದ ತುಂಡುಗಳಾದ ಆನೋಡ್‌ಗಳನ್ನು ಬದಲಿಸುವಾಗ ಮೆಗ್ನೀಸಿಯಂ ಆನೋಡ್‌ಗಳನ್ನೇ ಹಾಕಿದ್ದು ಮೆಚ್ಚುವಂಥದ್ದು. ಸಿಹಿನೀರಿನಲ್ಲಿ ಸತುವಿನ ಆನೋಡ್ ಮೇಲೆ ಪದರ ಕಟ್ಟಿ ನಿಷ್ಕ್ರಿಯವಾಗುತ್ತದೆ, ಆಗ ಕರಗಬೇಕಾದ ಲೋಹ ಉಳಿದು ಉಳಿಯಬೇಕಾದ ಡ್ರೈವ್ ಸವೆಯುತ್ತದೆ. ಇದೇ ಬೋಟನ್ನು ರಜೆಗೆಂದು ಸಮುದ್ರಕ್ಕೆ ಒಯ್ಯುವವರು ಮಾತ್ರ ಮೊದಲೇ ತಿಳಿಸಬೇಕು, ಏಕೆಂದರೆ ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಬಹಳ ಬೇಗ ಕರಗಿಹೋಗುತ್ತದೆ.

ಕೊನೆಯ ಹಂತವಾದ ನೀರಿನ ಪರೀಕ್ಷೆಯನ್ನು ಎಲ್ಲ ಯಾರ್ಡುಗಳೂ ಮಾಡುವುದಿಲ್ಲ. ಇಲ್ಲಿ ಅದು ಪ್ಯಾಕೇಜಿನ ಭಾಗ. ನೀರು ಬಸಿಯುವ ತೂತಿನ ಬಿರಡೆಯಾದ ಡ್ರೈನ್ ಪ್ಲಗ್ ಬಿಗಿದು ಬೋಟನ್ನು ಇಳಿಸಿದ ಮೇಲೂ ಟ್ರೇಲರಿನ ಪಟ್ಟಿಯನ್ನು ಬಿಚ್ಚದೆ, ಬೋಟಿನ ಒಳತಳವಾದ ಬಿಲ್ಜಿನೊಳಗೆ ನೀರು ಜಿನುಗುತ್ತಿದೆಯೇ ಎಂದು ಮೊದಲು ನೋಡಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿ ತಳದಲ್ಲಿ ತಂಗುವುದರಿಂದ ಅದನ್ನು ಹೊರಹಾಕುವ ಫ್ಯಾನಾದ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿದ ಮೇಲೆಯೇ ಇಗ್ನಿಷನ್ ಕೀಲಿ ತಿರುಗಿಸಿದರು. ಮೊದಲ ಕೆಲವು ನಿಮಿಷ ಬಂದ ನೀಲಿ ಹೊಗೆ, ಶರತ್ಕಾಲದಲ್ಲಿ ಸಿಲಿಂಡರಿಗೆ ತುಕ್ಕು ಹಿಡಿಯದಂತೆ ಸಿಂಪಡಿಸಿದ್ದ ಫಾಗಿಂಗ್ ಆಯಿಲ್ ಉರಿಯುತ್ತಿರುವುದು ಎಂದು ಮುಂಚಿತವಾಗಿಯೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಬಳಿಕ ಪೂರ್ತಿ ವೇಗದಲ್ಲಿ ಓಡಿಸಿ ತಾಪಮಾನ, ಎಣ್ಣೆಯ ಒತ್ತಡ, ಆರ್‌ಪಿಎಂಗಳನ್ನು ಬರೆದುಕೊಂಡರು. ದಡಕ್ಕೆ ತಂದ ಮೇಲೆ ಪ್ಲಗ್ ಬಿಚ್ಚಿಟ್ಟೇ ಟ್ರೇಲರನ್ನು ರಸ್ತೆಗೆ ಬಿಟ್ಟರು. 2010ರಲ್ಲಿ ಜೀಬ್ರಾ ಚಿಪ್ಪುಜೀವಿ (ನೀರಿನ ಮೂಲಕ ಹರಡಿ ಹಾವಳಿ ಮಾಡುವ ಹೊರಗಿನ ಜೀವಿ) ಪತ್ತೆಯಾದ ಈ ಸರೋವರದಿಂದ ಒಂದು ಹನಿ ನೀರನ್ನೂ ಬೇರೆಡೆಗೆ ಒಯ್ಯಬಾರದೆಂಬುದು ರಾಜ್ಯದ ಕಾನೂನೂ ಹೌದು.

ಔಟ್‌ಬೋರ್ಡ್ (ಬೋಟಿನ ಹಿಂಬದಿಯ ಹೊರಗೆ ಜೋಡಿಸುವ) ಎಂಜಿನ್ ಇರುವವರಿಗೆ ಇಷ್ಟು ದೊಡ್ಡ ಪ್ಯಾಕೇಜಿನ ಅಗತ್ಯವಿಲ್ಲ. ಅದರಲ್ಲಿ ಬೆಲ್ಲೋಸೂ ಇಲ್ಲ, ನೀರು ತಂಗುವ ಎರಕದ ಕಬ್ಬಿಣದ ಬ್ಲಾಕೂ ಇಲ್ಲ. ಸ್ಟರ್ನ್‌ಡ್ರೈವ್ ಇರುವವರು ಪಾಲಿಶ್ ಮತ್ತು ಬ್ಯಾಟರಿಯ ಬಾಬ್ತುಗಳನ್ನು ಬಿಡಿಸಿ, ಉಳಿದದ್ದಕ್ಕೆ ಫೆಬ್ರವರಿಯಲ್ಲೇ ಹೆಸರು ನೋಂದಾಯಿಸುವುದು ಲೇಸು, ಏಕೆಂದರೆ ಮಂಜು ಕರಗಿದ ವಾರ ಇಡೀ ಊರೇ ಅವರ ಬಾಗಿಲಲ್ಲಿರುತ್ತದೆ. ಗೇರ್ ಆಯಿಲನ್ನು ಅದೇ ದರದಲ್ಲಿ ಅಕ್ಟೋಬರ್‌ನಲ್ಲೇ ಬದಲಿಸಿಕೊಡುವುದಕ್ಕೆ, ಕೇಳಿದರೆ, ಅವರ ಅಭ್ಯಂತರವಿಲ್ಲ.