ಕ್ರೂಸ್ ಹಡಗಿನ ಊಟಕ್ಕೆ ಟಿಪ್ಸ್: ಖಾತೆಗೆ ಹಿಡಿದದ್ದು ಸಾಕೇ, ಕೈಯಾರೆಯೂ ಕೊಡಬೇಕೇ?

ಸಿಂಗಾಪುರದಿಂದ ಕ್ರೂಸ್ ಹೊರಡಲಿರುವ ಗಂಗಾವತಿಯ ಕುಟುಂಬವೊಂದು ಈ ಪ್ರಶ್ನೆ ಕೇಳಿದೆ. ಅವರ ಮುಂದಿರುವ ದಾರಿಗಳು ಮೂರು: ಹಡಗಿನವರು ತಾವಾಗಿಯೇ ಪ್ರಯಾಣಿಕರ ಖಾತೆಗೆ (ಕೊನೆಗೆ ತೀರಿಸುವ ಬಿಲ್ಲಿಗೆ) ಹಿಡಿಯುವ ಟಿಪ್ಸ್‌ಗೆ ನಿಲ್ಲಿಸುವುದು, ಅದರ ಮೇಲೆ ಕೈಯಾರೆ ಒಂದಿಷ್ಟು ಕೊಡುವುದು, ಅಥವಾ ಅದನ್ನು ತೆಗೆಸಿ ಬೇಕಾದವರಿಗಷ್ಟೇ ಕೊಡುವುದು.

ಖರ್ಚಿನ ಮಾತಿಗೆ ಬಂದರೆ, ಅಮೆರಿಕದ ದೊಡ್ಡ ಕಂಪನಿಗಳ ಹಡಗುಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಖಾತೆಗೆ ಸೇರುತ್ತದೆ. ನಾಲ್ವರು ಐದು ರಾತ್ರಿ ಇದ್ದರೆ 320ರಿಂದ 400 ಡಾಲರ್ ಆಯಿತು. ಇಷ್ಟು ಕೊಟ್ಟವರು ಇನ್ನೇನೂ ಕೊಡಲಿಲ್ಲವೆಂದು ಸಂಕೋಚಪಡಬೇಕಿಲ್ಲ. ಪ್ರತ್ಯೇಕ ಹಣ ತೆರುವ ರೆಸ್ಟೋರೆಂಟ್‌ಗಳ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ. 18ರಿಂದ 20ರಷ್ಟು ಸೇವಾಶುಲ್ಕ ಸೇರಿರುವುದರಿಂದ ಅಲ್ಲಂತೂ ಎರಡನೆಯ ಟಿಪ್ಸ್ ಅನಗತ್ಯ.

ಹಣ ಯಾರಿಗೆ ತಲುಪುತ್ತದೆ ಎಂಬುದು ನನಗೆ ಇದಕ್ಕಿಂತ ಮುಖ್ಯ. ಖಾತೆಗೆ ಹಿಡಿದ ಹಣ ಬಡಿಸುವವರು, ಕೋಣೆ ಸ್ವಚ್ಛಗೊಳಿಸುವವರು ಹಾಗೂ ನಮ್ಮ ಕಣ್ಣಿಗೆ ಬೀಳದ ಕೆಲವರ ನಡುವೆ ಹಂಚಿಕೆಯಾಗುತ್ತದೆ. ಅದನ್ನು ತೆಗೆಸಿದರೆ ಪೆಟ್ಟು ಬೀಳುವುದು ಅವರಿಗೇ. ಬಳ್ಳಾರಿಯ ಹೋಟೆಲಿನಲ್ಲಿ ಸೇವಾಶುಲ್ಕ ಬೇಡವೆನ್ನಲು 2022ರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯ ಬಲವಿದೆ, ಆದರೆ ಹಡಗಿನಲ್ಲಿ ನಡೆಯುವುದು ಟಿಕೆಟ್ಟಿನ ಷರತ್ತು. ಸೇವೆ ತೀರಾ ಕೆಟ್ಟಿದ್ದು, ದೂರಿದರೂ ಸರಿಹೋಗದಿದ್ದಾಗ ಮಾತ್ರ ಮೂರನೆಯ ದಾರಿ ನ್ಯಾಯ.

ಹಿರಿಯರಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕಿದ್ದು, ಮುಖ್ಯ ಬಡಿಸುವವರು ನಾಳಿನ ಮೆನುವನ್ನು ಇಂದಿನ ರಾತ್ರಿಯೇ ತಂದು ತೋರಿಸಿ ಅಡುಗೆಮನೆಗೆ ಹೇಳಿ ಮಾಡಿಸುತ್ತಿದ್ದರೆ, ಕೊನೆಯ ರಾತ್ರಿ ಲಕೋಟೆಯಲ್ಲಿ ಹತ್ತಿಪ್ಪತ್ತು ಡಾಲರ್ ಕೊಡುವುದು ಯೋಗ್ಯ. ಬಫೆಯಲ್ಲೇ ಉಣ್ಣುವವರಿಗೆ ಮೊದಲ ದಾರಿಯೇ ಸಲೀಸು. ಹಡಗಿನೊಳಗಿನ ವ್ಯವಹಾರ ಬಹುತೇಕ ಹಡಗಿನವರು ಕೊಡುವ ಕಾರ್ಡಿನಲ್ಲೇ ನಡೆಯುವುದರಿಂದ, ಕೈಯಾರೆ ಕೊಡುವವರು ಚಿಲ್ಲರೆ ನೋಟುಗಳನ್ನು ಊರಿನಲ್ಲೇ ಹೊಂದಿಸಿಕೊಳ್ಳಬೇಕು.