ಥ್ರಿಲ್ಲರ್ ಓಪನಿಂಗ್ ಹಾಕಿ ಟೆಸ್ಟ್ ಮಾಡಿದ ಸೌಂಡ್‌ಬಾರ್: ಧಡಾರ್‌ಗೆ ಓಕೆ, ಸೈಲೆನ್ಸ್‌ಗೆ ಫೇಲ್

ಕಂಪನಿ ಹೆಸ್ರು ಹಾಕಲ್ಲ, ಕೇಳ್ಬೇಡಿ. 15 ಸಾವಿರದ ಒಳಗಿನ 2.1 ಸೌಂಡ್‌ಬಾರ್, ಅಂದ್ರೆ ಟಿವಿ ಕೆಳಗಿಡೋ ಉದ್ದನೆ ಸ್ಪೀಕರ್‌ನಲ್ಲಿ ಎಡ-ಬಲ ಎರಡು ಚಾನೆಲ್, ಜೊತೆಗೆ ಬಾಸ್‌ಗೆ, ಅಂದ್ರೆ ತಳದ ಗುಡುಗುಡು ಸೌಂಡಿಗೆ, ಒಂದು ವೈರ್‌ಲೆಸ್ ಸಬ್‌ವೂಫರ್ ಡಬ್ಬ, ಇಷ್ಟು ಸಾಕು. ಅಂಗಡೀಲಿ ಡೆಮೋಗೆ ಹಾಕೋದು ಯಾವಾಗ್ಲೂ ಒಂದೇ ಥರದ್ದು, ಕಾರು ಹಾರತ್ತೆ, ಬಿಲ್ಡಿಂಗ್ ಬೀಳತ್ತೆ, ಧಡಾರ್ ಅನ್ನತ್ತೆ, ನಾವು ತಲೆ ಆಡಿಸ್ಕೊಂಡು ಕಾರ್ಡ್ ಉಜ್ಜಿ ಬರ್ತೀವಿ. ಧಡಾರ್ ಅನ್ಸೋದು ಯಾವ ಡಬ್ಬಾಗೂ ಬರತ್ತೆ ಸ್ವಾಮಿ. ನಂಗೆ ಹುಚ್ಚು ಇರೋದು ಥ್ರಿಲ್ಲರ್‌ಗಳ ಮೊದಲ ಐದು ನಿಮಿಷದ್ದು, ಇನ್ನೂ ಏನೂ ಆಗಿರಲ್ಲ ಆದ್ರೂ ಹೊಟ್ಟೆ ಒಳಗೆ ಕಸಿವಿಸಿ ಶುರುವಾಗಿರತ್ತಲ್ಲ, ಅದು. ಅದನ್ನ ಮಾಡೋದು ಮುಕ್ಕಾಲು ಪಾಲು ಸೌಂಡು. ಹಾಗಾಗಿ ನನ್ ಟೆಸ್ಟೂ ಅದೇ.

ಮೊದಲು 1975ರ ಶಾರ್ಕ್ ಸಿನಿಮಾ ಜಾಸ್. ಮ್ಯೂಸಿಕ್ ಮಾಡಿದ ಜಾನ್ ವಿಲಿಯಮ್ಸ್ ಹಾಕಿರೋದು ಅಕ್ಕಪಕ್ಕದ ಎರಡು ಸ್ವರ ಅಷ್ಟೇ. ಕ್ಯಾಮೆರಾ ನೀರೊಳಗೆ ಹೋಗ್ತಿರತ್ತೆ, ಆ ಎರಡು ಸ್ವರ ಒಂದ್ಸಲ ಬಂದು ಗ್ಯಾಪು, ಮತ್ತೆ ಬಂದು ಗ್ಯಾಪು, ಆಮೇಲೆ ಗ್ಯಾಪ್ ಕಮ್ಮಿ ಆಗ್ತಾ ಆಗ್ತಾ ಏನೋ ಹತ್ರ ಬರ್ತಿದೆ ಅಂತ ಗೊತ್ತಾಗೋದು ಕಿವಿಗೇ ಹೊರತು ಕಣ್ಣಿಗಲ್ಲ, ಶಾರ್ಕ್ ಇನ್ನೂ ಕಂಡೇ ಇರಲ್ಲ. ಆ ಸ್ವರ ನುಡಿಸೋ ದೊಡ್ಡ ತಂತಿವಾದ್ಯ ಡಬಲ್ ಬಾಸ್‌ನ ತಳದ ತಂತಿ ಸುಮಾರು 41 ಹರ್ಟ್ಜ್‌ಗೆ, ಅಂದ್ರೆ ಸೆಕೆಂಡಿಗೆ 41 ಸಲ, ಮಿಡಿಯತ್ತೆ, ಟಿವಿ ಕೆಳಗಿಡೋ ತೆಳ್ಳಗಿನ ಬಾರ್ ಅಷ್ಟು ಕೆಳಗಿಳಿಯಲ್ಲ, ಸ್ವರ ಯಾವ್ದು ಅಂತ ಕೇಳ್ಸತ್ತೆ ಆದ್ರೆ ತೂಕ ಇರಲ್ಲ. ಅದಕ್ಕೇ ತಾನೇ ಸಬ್‌ವೂಫರ್‌ಗೆ ದುಡ್ಡು ಕೊಟ್ಟಿರೋದು.

ಎಡವಟ್ಟು ಇರೋದೇ ಅಲ್ಲಿ. ಕರೆಂಟ್ ಉಳ್ಸೋಕೆ ಅಂತ ಈ ಸಬ್, ಸೌಂಡ್ ಸ್ವಲ್ಪ ಹೊತ್ತು ಕಮ್ಮಿ ಇದ್ರೆ ನಿದ್ದೆ ಹೋಗತ್ತೆ. ಬಾಸ್ ಬಂದಾಗ ಎದ್ದೇಳತ್ತೆ, ಅದೂ 'ಟಪ್' ಅಂತ ಸೌಂಡ್ ಮಾಡ್ಕೊಂಡು, ಅಷ್ಟೊತ್ತಿಗೆ ಮೊದಲ ಸ್ವರ ಹೋಗಿರತ್ತೆ. ಹಾಡಿಗೆ, ನ್ಯೂಸ್‌ಗೆ ಇದು ಗೊತ್ತೇ ಆಗಲ್ಲ. ಆದ್ರೆ ಥ್ರಿಲ್ಲರ್ ಓಪನಿಂಗ್ ಅಂದ್ರೇನೇ ನಿಶ್ಶಬ್ದ, ನಿಶ್ಶಬ್ದ, ಆಮೇಲೆ ತಳದಿಂದ ಒಂದು ಸಣ್ಣ ಗುಡುಗುಡು, ಕರೆಕ್ಟಾಗಿ ಅದನ್ನೇ ಈ ಡಬ್ಬ ನುಂಗ್ಬಿಡತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಅದು ಪವರ್ ಸೇವಿಂಗ್ ಫೀಚರ್ ಸರ್, ಆಫ್ ಮಾಡಕ್ಕೆ ಆಪ್ಷನ್ ಇಲ್ಲ ಸರ್" ಅಂದ್ರು, ಪಾಪ ಅವ್ರಿಗೇನ್ ಬೈಯೋದು.

ಮಜಾ ಬಂದಿದ್ದು ಟಚ್ ಆಫ್ ಈವಿಲ್‌ಗೆ. ಅಮೆರಿಕಾ-ಮೆಕ್ಸಿಕೋ ಬಾರ್ಡರ್ ಊರು, ಕಾರ್ ಡಿಕ್ಕೀಲಿ ಟೈಮ್ ಬಾಂಬು, ಮೂರು ನಿಮಿಷದ ಮೇಲೆ ಕಟ್ಟೇ ಇಲ್ಲದ ಶಾಟು. 1958ರಲ್ಲಿ ರಿಲೀಸ್ ಆದಾಗ ಸ್ಟುಡಿಯೋದವ್ರು ಅದ್ರ ಮೇಲೆ ಟೈಟಲ್ಸು, ಹೆನ್ರಿ ಮ್ಯಾನ್ಸಿನಿ ಮ್ಯೂಸಿಕ್ಕು ಹಾಕಿದ್ರು. ಡೈರೆಕ್ಟರ್ ಆರ್ಸನ್ ವೆಲ್ಸ್ ಹೀಗಲ್ಲ ಹಾಗೆ ಅಂತ 58 ಪೇಜ್ ಮೆಮೋ ಬರೆದಿದ್ದ, ಅದನ್ನ ಇಟ್ಕೊಂಡು 1998ರಲ್ಲಿ ವಾಲ್ಟರ್ ಮರ್ಚ್ ಮತ್ತೆ ಎಡಿಟ್ ಮಾಡಿದ, ಟೈಟಲ್ ಮ್ಯೂಸಿಕ್ ತೆಗೆದು ಬೀದಿ ಸೌಂಡೇ ಬಿಟ್ಟ. ಒಂದೊಂದು ಬಾರ್ ಬಾಗಿಲಿಂದ ಒಂದೊಂದು ಹಾಡು, ಜನ, ಮೇಕೆಗಳು, ಮಧ್ಯ ಆ ಕಾರಿನ ರೇಡಿಯೋ ಬಂತು ಹೋಯ್ತು ಬಂತು. ಕಾರ್ ಫ್ರೇಮಲ್ಲಿ ಇಲ್ದೇ ಇದ್ರೂ ಬಾಂಬ್ ಎಲ್ಲಿದೆ ಅಂತ ಕಿವಿ ಹುಡುಕ್ತಾನೇ ಇರತ್ತೆ. ನನ್ ಕೇಳಿದ್ರೆ ಮ್ಯಾನ್ಸಿನಿ ವರ್ಷನ್ ಸ್ಟೈಲು, ಮರ್ಚ್ ವರ್ಷನ್ ಟೆನ್ಷನ್ನು. ಇದ್ರಲ್ಲಿ ಸೌಂಡ್‌ಬಾರ್ ಪಾಸ್. ಚೆಕ್‌ಪೋಸ್ಟಲ್ಲಿ ಕಾರೊಳಗಿನ ಹುಡುಗಿ ತಲೇಲಿ ಟಿಕ್ ಟಿಕ್ ಅಂತಿದೆ ಅಂತಾಳಲ್ಲ, ಯಾರೂ ಕಿವಿಗೆ ಹಾಕ್ಕೊಳಲ್ವಲ್ಲ, ಆ ಮಾತು ಅಷ್ಟು ಗದ್ದಲದಲ್ಲೂ ಸ್ಪಷ್ಟವಾಗಿ ಬಂತು. ಆದ್ರೆ ರಿಮೋಟಲ್ಲಿರೋ 'ಸರೌಂಡ್' ಬಟನ್ ಒತ್ಬೇಡಿ, ರೇಡಿಯೋ, ಬಾರ್‌ಗಳ ಹಾಡು ಎಲ್ಲಾ ಕಲಸಿ ಒಂದೇ ಮುದ್ದೆ ಆಗತ್ತೆ.

ಸೈಕೋ (1960) ಟೈಟಲ್ಸ್‌ಗೂ ಪಾಸ್, ಬರ್ನಾರ್ಡ್ ಹರ್ಮನ್ ತಂತಿವಾದ್ಯ ಬಿಟ್ಟು ಬೇರೇನೂ ಬಳಸಿಲ್ಲ, ಆ ಕಮಾನಿನ ಕೊರೆತ ಚೂಪಾಗೇ ಕೇಳ್ಸತ್ತೆ.

ಆಮೇಲೆ ನೈಟ್ ಮೋಡ್. ನಮ್ದು ಅಪಾರ್ಟ್‌ಮೆಂಟು, ರಾತ್ರಿ ಹತ್ತರ ಮೇಲೆ ಅದಿಲ್ದೇ ಆಗಲ್ಲ. ಅದು ಮಾಡೋದೇನು ಅಂದ್ರೆ ಸಣ್ಣ ಸೌಂಡನ್ನ ದೊಡ್ಡದು ಮಾಡಿ ದೊಡ್ಡದನ್ನ ಅದುಮಿ ಎಲ್ಲಾನೂ ಒಂದೇ ಲೆವೆಲ್‌ಗೆ ತರೋದು. ದಿ ಡಾರ್ಕ್ ನೈಟ್ (2008) ಬ್ಯಾಂಕ್ ದರೋಡೆ ಸೀನ್ ಹಾಕ್ದೆ, ಹ್ಯಾನ್ಸ್ ಝಿಮ್ಮರ್ ಅಲ್ಲಿ ವಿಲನ್ ಜೋಕರ್‌ಗೆ ಅಂತ ಚೆಲ್ಲೋ ಅನ್ನೋ ತಂತಿವಾದ್ಯದ ಮೇಲೆ ಒಂದೇ ಸ್ವರ ಎಳೆದೂ ಎಳೆದೂ ಬಿಗಿ ಮಾಡ್ತಾನೆ, ಅದು ಕೇಳ್ತೋ ಇಲ್ವೋ ಅನ್ನೋ ಹಾಗೆ ನುಸುಳ್ಬೇಕು. ನೈಟ್ ಮೋಡಲ್ಲಿ ಅದು ಮೊದಲಿಂದ್ಲೇ ಜೋರು, ಏರಕ್ಕೆ ಜಾಗಾನೇ ಉಳಿದಿರಲ್ಲ. ಅಮ್ಮ ರೂಮಿಂದ "ಏನೋ ಅದು, ಮಿಕ್ಸಿ ಥರ ಗುಂಯ್ ಅಂತಿದೆ, ಕೆಟ್ಟೋಯ್ತಾ?" ಅಂದ್ರು. ಆಫ್ ಮಾಡಿ ವಾಲ್ಯೂಮನ್ನೇ ಇಳ್ಸಿದ್ಮೇಲೆ ಸೀನ್ ಸರಿಹೋಯ್ತು. ಹೆಡ್‌ಫೋನ್ ಇದ್ರೆ ಅದೇ ಬೆಸ್ಟು.

ನೀವು ತಗೊಳೋದಾದ್ರೆ ಡೆಮೋ ಹುಡುಗನಿಗೆ ಆ್ಯಕ್ಷನ್ ಸೀನ್ ನಿಲ್ಸಪ್ಪ ಅಂದು, ಐದು ಹತ್ತು ನಿಮಿಷ ತೀರಾ ಸಣ್ಣ ಸೌಂಡಲ್ಲಿ ಏನಾದ್ರೂ ಓಡಿಸಿ ಆಮೇಲೆ ಬಾಸ್ ಇರೋದು ಹಾಕ್ಸಿ, ಸಬ್ ತಕ್ಷಣ ಮಾತಾಡತ್ತಾ ನೋಡಿ. ಸೌಂಡ್‌ಬಾರ್‌ನ ಮೊಬೈಲ್ ಆ್ಯಪ್‌ನಲ್ಲಿ ಆಟೋ ಸ್ಟ್ಯಾಂಡ್‌ಬೈ, ಅಂದ್ರೆ ಸಬ್ ತಾನಾಗೇ ನಿದ್ದೆ ಹೋಗೋದನ್ನ, ಆಫ್ ಮಾಡೋ ಆಪ್ಷನ್ ಇದ್ಯಾ ಕೇಳಿ, ಇಲ್ಲ ಅಂದ್ರೆ ಮುಂದಿನ ಮಾಡೆಲ್. ನಂದು 5ಕ್ಕೆ 3. ರಿಟರ್ನ್ ಮಾಡಿಲ್ಲ, ಅಪ್ಪಂಗೆ ಕ್ರಿಕೆಟ್ ಕಾಮೆಂಟ್ರಿ ಸಖತ್ತಾಗಿ ಕೇಳ್ಸತ್ತಂತೆ, ಇನ್ಮೇಲೆ ಅವ್ರು ಕೊಡಲ್ಲ.